ಹೆಸರು ಕೆಡುವ ಮೊದಲೇ ಮಾಡಬೇಕಾದ ಕೆಲಸ

ವೃತ್ತಿ ಪ್ರಶ್ನೋತ್ತರ

ಸಂಸ್ಥೆಗಳ ಹೆಸರಿಗೆ ಬರಬಹುದಾದ ಅಪಾಯವನ್ನು ಮೊದಲೇ ಗುರುತಿಸುವುದು, ಕಂಪನಿಗೂ ಅದರಿಂದ ಬಾಧಿತರಾಗುವ ಜನರಿಗೂ ನಡುವೆ ಮಾತುಕತೆ ಕಟ್ಟುವುದು – ಈ ಕೆಲಸ ಮಾಡುವ ಸಂವಹನ ಸಲಹೆಗಾರರ ವೃತ್ತಿಯ ಬಗ್ಗೆ ಹಲವು ಪತ್ರಗಳು ಬಂದಿವೆ. ಆಯ್ದ ಪ್ರಶ್ನೆಗಳಿಗೆ ಈ ಕ್ಷೇತ್ರದಲ್ಲಿರುವವರು ಇಲ್ಲಿ ಉತ್ತರಿಸಿದ್ದಾರೆ.

ದಿನಪತ್ರಿಕೆಯಲ್ಲಿ ಆರು ವರ್ಷದಿಂದ ವರದಿಗಾರನಾಗಿದ್ದೇನೆ. 'ರೆಪ್ಯುಟೇಶನ್ ರಿಸ್ಕ್ ಕನ್ಸಲ್ಟೆಂಟ್' ಎಂಬ ಹುದ್ದೆಯ ಜಾಹೀರಾತು ನೋಡಿದೆ. ಇದು ಪಿಆರ್ ಕೆಲಸಕ್ಕೇ ಇಟ್ಟ ಹೊಸ ಹೆಸರೇ? ದಿನವಿಡೀ ಏನು ಮಾಡಬೇಕಾಗುತ್ತದೆ?
– ಓದುಗರು, ದಾವಣಗೆರೆ

ಪಿಆರ್‌ನಲ್ಲಿ ಕಂಪನಿಯ ಮಾತನ್ನು ಹೊರಗೆ ಒಯ್ಯುವ ಕೆಲಸ ಹೆಚ್ಚು. ನೀವು ನೋಡಿದ ಹುದ್ದೆಯಲ್ಲಿ ದಾರಿ ತಿರುಗುಮುರುಗು: ಹೊರಗಿನವರು ಆಡುತ್ತಿರುವ ಮಾತು, ಒಳಗಿನ ನೌಕರರು ನುಂಗಿಕೊಂಡ ಮಾತು, ಎರಡನ್ನೂ ನಿರ್ಧಾರ ಮಾಡುವವರ ಮೇಜಿಗೆ ಮುಟ್ಟಿಸಬೇಕು. ಪತ್ರಿಕಾ ಹೇಳಿಕೆ ಬರೆಯುವುದು ಇದರಲ್ಲಿ ಸಣ್ಣ ಭಾಗ.

ನಮ್ಮದೇ ನಾಡಿನ ಒಂದು ಉದಾಹರಣೆ ತೆಗೆದುಕೊಳ್ಳಿ. 2020ರ ಡಿಸೆಂಬರ್ 12ರಂದು ಕೋಲಾರ ಜಿಲ್ಲೆಯ ನರಸಾಪುರದಲ್ಲಿ ಐಫೋನ್ ಜೋಡಿಸುತ್ತಿದ್ದ ವಿಸ್ಟ್ರಾನ್ ಘಟಕದಲ್ಲಿ ದಾಂಧಲೆ ನಡೆಯಿತು. ಟಿವಿಯಲ್ಲಿ ಎಲ್ಲರೂ ಕಂಡದ್ದು ಒಡೆದ ಗಾಜು. ಒಂದು ವಾರದ ನಂತರ ಕಂಪನಿಯೇ ಒಪ್ಪಿಕೊಂಡದ್ದು ಬೇರೆ: ಕೆಲವು ಕಾರ್ಮಿಕರಿಗೆ ಸರಿಯಾದ ಸಂಬಳ ಸರಿಯಾದ ಸಮಯಕ್ಕೆ ಸಿಕ್ಕಿರಲಿಲ್ಲ. ಭಾರತದ ವಹಿವಾಟು ನೋಡಿಕೊಳ್ಳುತ್ತಿದ್ದ ಉಪಾಧ್ಯಕ್ಷರನ್ನು ತೆಗೆದರು. ಆ್ಯಪಲ್ ಕಂಪನಿ ವಿಸ್ಟ್ರಾನನ್ನು ನಿಗಾವಣೆಯಲ್ಲಿಟ್ಟು, ಸರಿಪಡಿಸುವವರೆಗೆ ಹೊಸ ಕೆಲಸ ಕೊಡುವುದಿಲ್ಲ ಎಂದಿತು. ದೂರು ಹೇಳಿಕೊಳ್ಳಲು ಕನ್ನಡ, ತೆಲುಗು, ತಮಿಳು, ಹಿಂದಿ, ಇಂಗ್ಲಿಷ್‌ನಲ್ಲಿ 24 ಗಂಟೆಯ ಸಹಾಯವಾಣಿ ಬಂದದ್ದು ಇಷ್ಟೆಲ್ಲ ಆದ ಮೇಲೆ. ಹಾಜರಾತಿ ಯಂತ್ರ, ಗುತ್ತಿಗೆ ಏಜೆನ್ಸಿ, ಸಂಬಳದ ಚೀಟಿ – ಹೆಸರು ಕೆಡುವುದು ಇಂಥ ಕಡೆ ಶುರುವಾಗುತ್ತದೆ. ಸುದ್ದಿಮನೆಗೆ ಅದು ಕೊನೆಗೆ ಬಂದು ಮುಟ್ಟುತ್ತದೆ.

ಹಾಗಾಗಿ ದಿನದ ಕೆಲಸದ ನಡುವೆ ಇರುವುದು ಅಪಾಯದ ಪಟ್ಟಿ, ಅಂದರೆ ರಿಸ್ಕ್ ರಿಜಿಸ್ಟರ್. ಒಂದು ಸಾಲಿಗೆ ಒಂದು ಅಪಾಯ. ಏನಾಗಬಹುದು, ಯಾರಿಗೆ ನೋವು, ಮೊದಲು ಯಾರ ಕಣ್ಣಿಗೆ ಬೀಳುತ್ತದೆ, ಈಗಾಗಲೇ ಇರುವ ಸುಳಿವು ಏನು, ಆಗುವ ಸಂಭವ 1ರಿಂದ 5, ಹಾನಿ 1ರಿಂದ 5, ಸರಿಪಡಿಸುವ ಹೊಣೆ ಯಾರದ್ದು, ಯಾವ ಸುಳಿವು ಕಂಡರೆ ಎಂಡಿಗೆ ಫೋನ್ ಹೋಗಬೇಕು, ಮುಂದಿನ ಪರಿಶೀಲನೆ ಯಾವಾಗ. ಹದಿನೈದು ಸಾಲು ಮೀರಿದರೆ ಅದನ್ನು ಯಾರೂ ಓದುವುದಿಲ್ಲ.

ಇದರಲ್ಲಿ ಮೂರು ತಪ್ಪು ಪದೇ ಪದೇ ಕಾಣುತ್ತವೆ. ಹೊಣೆಯ ಕಾಲಂನಲ್ಲಿ ಎಲ್ಲ ಸಾಲಿಗೂ 'ಸಂವಹನ ವಿಭಾಗ' ಎಂದೇ ಬರೆದಿರುತ್ತಾರೆ. ಸಂಬಳದ ತಪ್ಪನ್ನು ಸಂವಹನ ವಿಭಾಗ ಹೇಗೆ ಸರಿಪಡಿಸೀತು? ಎರಡನೆಯದು ಗುಣಾಕಾರದ ಮೋಸ. ಸಂಭವ 1, ಹಾನಿ 5 ಇರುವ ಅನಿಲ ಸೋರಿಕೆಗೆ 5 ಅಂಕ. ಸಂಭವ 3, ಹಾನಿ 2 ಇರುವ ಕ್ಯಾಂಟೀನ್ ದೂರಿಗೆ 6. ಅಂಕ ನಂಬಿದರೆ ಸೋರಿಕೆ ಕೆಳಗೆ ಹೋಗುತ್ತದೆ. ಹಾನಿ 5 ಇರುವ ಸಾಲುಗಳನ್ನು ಅಂಕ ಎಷ್ಟೇ ಇರಲಿ, ಪ್ರತಿ ಬಾರಿಯೂ ಮೇಲೆಯೇ ಇಡಬೇಕು. ಮೂರನೆಯದು, 'ನಕಾರಾತ್ಮಕ ಪ್ರಚಾರ' ಎಂದು ಬರೆಯುವುದು. ಅದು ಅಪಾಯವಲ್ಲ, ಅಪಾಯದ ಫಲ. ಕಾರಣವನ್ನು ಬರೆಯಿರಿ.

ವರದಿಗಾರರಾದ ನಿಮಗೆ ಇದು ಹೊಂದುತ್ತದೆ. ಯಾರನ್ನು ಕೇಳಿದರೆ ನಿಜ ತಿಳಿಯುತ್ತದೆ ಎಂಬುದು ನಿಮಗೆ ಗೊತ್ತು. ಕಲಿಯಬೇಕಾದದ್ದು ಬ್ಯಾಲೆನ್ಸ್ ಶೀಟ್ ಓದುವುದು, ಮತ್ತು ಅಹಿತವಾದ ಸುದ್ದಿಯನ್ನು ಆಡಳಿತ ಮಂಡಳಿ ಕೇಳಿಸಿಕೊಳ್ಳುವಂತೆ ಎರಡು ಪುಟದಲ್ಲಿ ಬರೆಯುವುದು.

ಎಂಎಸ್‌ಡಬ್ಲ್ಯು ಮುಗಿಸಿದ್ದೇನೆ. ಪತ್ರಿಕೋದ್ಯಮ ಓದಿಲ್ಲ. ಈ ಕ್ಷೇತ್ರಕ್ಕೆ ಬರಲು ಮತ್ತೊಂದು ಕೋರ್ಸ್ ಮಾಡಲೇಬೇಕೆ?
– ಓದುಗರು, ಧಾರವಾಡ

ಬೇಕಿಲ್ಲ. ಪರಿಸರ ಪರಿಣಾಮ ವರದಿ ತಯಾರಿಸುವ ಸಂಸ್ಥೆಗಳು ನ್ಯಾಬೆಟ್ ಎಂಬ ರಾಷ್ಟ್ರೀಯ ಮಂಡಳಿಯ ಮಾನ್ಯತೆ ಪಡೆಯಬೇಕು, ಆ ಮಾನ್ಯತೆಗೆ ಸಾಮಾಜಿಕ-ಆರ್ಥಿಕ ವಿಷಯದ ತಜ್ಞರು ಬೇಕು. ಎಂಎಸ್‌ಡಬ್ಲ್ಯು, ಸಮಾಜಶಾಸ್ತ್ರ ಓದಿದವರಿಗೆ ಅದು ಒಳ್ಳೆಯ ಬಾಗಿಲು. ದೊಡ್ಡ ಲೆಕ್ಕಪರಿಶೋಧನಾ ಸಂಸ್ಥೆಗಳ ಇಎಸ್‌ಜಿ (ಪರಿಸರ, ಸಮಾಜ, ಆಡಳಿತದ ಹೊಣೆಗಾರಿಕೆ) ತಂಡಗಳು, ಕಾರ್ಖಾನೆಗಳ ಸಿಎಸ್‌ಆರ್ (ಸಾಮಾಜಿಕ ಹೊಣೆಗಾರಿಕೆ) ವಿಭಾಗಗಳು ಇನ್ನೆರಡು ದಾರಿ. ಸಂವಹನವನ್ನೇ ಓದಬೇಕೆಂಬ ಆಸೆ ಇದ್ದರೆ ಅಹಮದಾಬಾದ್‌ನ ಮೈಕಾ, ದೆಹಲಿಯ ಐಐಎಂಸಿ, ನಮ್ಮಲ್ಲಿ ಮೈಸೂರು, ಮಂಗಳೂರು ವಿಶ್ವವಿದ್ಯಾನಿಲಯಗಳ ವಿಭಾಗಗಳಿವೆ.

ಸಂದರ್ಶನಕ್ಕೆ ಮೊದಲು ಒಂದು ಅಭ್ಯಾಸ ಮಾಡಿ. ಷೇರುಪೇಟೆಯಲ್ಲಿ ಮಾರುಕಟ್ಟೆ ಮೌಲ್ಯದ ಪ್ರಕಾರ ಮೊದಲ 1,000 ಕಂಪನಿಗಳು 2022-23ರಿಂದ ಬಿಆರ್‌ಎಸ್‌ಆರ್ ಎಂಬ ಹೊಣೆಗಾರಿಕೆ ವರದಿಯನ್ನು ಕಡ್ಡಾಯವಾಗಿ ಕೊಡಬೇಕು. ಬೆಂಗಳೂರಿನ ಯಾವುದಾದರೂ ಕಂಪನಿಯ ವಾರ್ಷಿಕ ವರದಿ ಇಳಿಸಿಕೊಂಡು, 'ಎ' ಭಾಗದಲ್ಲಿ ಸಮುದಾಯ, ಹೂಡಿಕೆದಾರರು, ನೌಕರರು, ಗ್ರಾಹಕರು ಎಂದು ಗುಂಪುವಾರು ಕೊಟ್ಟಿರುವ ದೂರುಗಳ ಕೋಷ್ಟಕ ಹುಡುಕಿ. ಎಷ್ಟು ಬಂದವು, ವರ್ಷದ ಕೊನೆಗೆ ಎಷ್ಟು ಬಾಕಿ ಉಳಿದವು ಎಂಬುದು ಅಲ್ಲಿರುತ್ತದೆ. ಆಮೇಲೆ ಅದೇ ವರದಿಯ 4ನೇ ತತ್ವದಡಿ ಅವರು ಯಾರ ಜೊತೆ ಮಾತಾಡುತ್ತೇವೆ ಎಂದಿದ್ದಾರೋ ಓದಿ. ಸಾವಿರಾರು ಗುತ್ತಿಗೆ ಕಾರ್ಮಿಕರಿರುವ ಕಂಪನಿ 'ಸಮುದಾಯದಿಂದ ದೂರು: ಸೊನ್ನೆ, ಕಾರ್ಮಿಕರಿಂದ ದೂರು: ಸೊನ್ನೆ' ಎಂದು ಬರೆದಿದ್ದರೆ, ದೂರು ಕೊಡುವ ದಾರಿಯೇ ಜನರಿಗೆ ತಿಳಿದಿಲ್ಲವೇನೋ ಎಂದು ಅನುಮಾನಿಸಿ. ಈ ಓದಿನ ಮೇಲೆ ಎರಡು ಪುಟದ ಟಿಪ್ಪಣಿ ಬರೆದು ಒಯ್ದರೆ ಅದು ಯಾವ ಪ್ರಮಾಣಪತ್ರಕ್ಕಿಂತಲೂ ಹೆಚ್ಚು ಮಾತಾಡುತ್ತದೆ.

ಕಾರ್ಖಾನೆಯೊಂದರ ವಿಸ್ತರಣೆಗೆ ಸಾರ್ವಜನಿಕ ಅಹವಾಲು ಸಭೆ ನಡೆಯಬೇಕಿದೆ. ಸುತ್ತಲಿನ ಹಳ್ಳಿಗಳ ಜೊತೆ ಮಾತುಕತೆಯ ಹೊಣೆ ನನಗೆ ಕೊಟ್ಟಿದ್ದಾರೆ. ಸ್ಟೇಕ್‌ಹೋಲ್ಡರ್ (ಬಾಧಿತರು, ಸಂಬಂಧಪಟ್ಟವರು) ನಕ್ಷೆ ಮಾಡು ಎನ್ನುತ್ತಾರೆ. ಎಲ್ಲಿಂದ ಶುರು ಮಾಡಲಿ?
– ಓದುಗರು, ಕೊಪ್ಪಳ

ಮೊದಲು ನಿಮ್ಮ ಮೇಲಿನವರಿಗೆ ಒಂದು ಮಾತು ಸ್ಪಷ್ಟಪಡಿಸಿ: ಅಹವಾಲು ಸಭೆಯ ದಿನ ಊರವರ ಜೊತೆ ಮೊದಲ ಸಲ ಮಾತಾಡುವ ಕಂಪನಿಗೆ ಆ ದಿನ ಬೈಗುಳವೇ ಗತಿ. ಸಭೆಗೆ ಕನಿಷ್ಠ ನಾಲ್ಕು ತಿಂಗಳು ಮುಂಚೆ ಕೆಲಸ ಶುರುವಾಗಬೇಕು.

ನಕ್ಷೆ ಮಾಡುವಾಗ 'ರೈತರು', 'ಮಹಿಳೆಯರು', 'ಮಾಧ್ಯಮ' ಎಂದು ಗುಂಪಿನ ಹೆಸರು ಬರೆದು ನಿಲ್ಲಿಸಬೇಡಿ. ವ್ಯಕ್ತಿಗಳ ಹೆಸರು ಬೇಕು. ಯಾವ ಊರು, ಏನು ಕಳೆದುಕೊಳ್ಳುತ್ತಾರೆ ಅಥವಾ ಪಡೆಯುತ್ತಾರೆ, ಕೊನೆಯ ಸಲ ಏನು ಹೇಳಿದರು, ಅವರಿಗೆ ಕಂಪನಿ ಹಿಂದೆ ಏನು ಮಾತು ಕೊಟ್ಟಿತ್ತು, ಅದು ನಡೆಯಿತೇ. ಈ ಕೊನೆಯ ಕಾಲಂ ತುಂಬಲು ಹೊರಟಾಗಲೇ ನಿಜವಾದ ಕೆಲಸ ಎದುರಾಗುತ್ತದೆ. ಹತ್ತು ವರ್ಷದ ಹಿಂದೆ ಭೂಮಿ ಕೊಟ್ಟವರ ಮನೆಗೊಂದು ಕೆಲಸ ಎಂದಿದ್ದು, ಕಟ್ಟಿಸುತ್ತೇವೆ ಎಂದ ಕೆರೆ ಏರಿ, ಬೂದಿ ಬಿದ್ದ ಹೊಲಕ್ಕೆ ಬಾರದ ಪರಿಹಾರ ಎಲ್ಲ ಹೊರಬೀಳುತ್ತವೆ. ಹಳೆಯ ಬಾಕಿ ತೀರಿಸದೆ ಹೊಸ ಮಾತು ಕೊಟ್ಟರೆ ಯಾರೂ ನಂಬುವುದಿಲ್ಲ, ನಂಬಬೇಕಾಗಿಯೂ ಇಲ್ಲ.

ಅಧಿಕಾರ ಒಂದು ಅಕ್ಷ, ಆಸಕ್ತಿ ಇನ್ನೊಂದು ಅಕ್ಷ ಇಟ್ಟು ನಾಲ್ಕು ಮನೆ ಮಾಡುವ ಚೌಕವನ್ನು ಎಲ್ಲ ತರಬೇತಿಗಳಲ್ಲೂ ಕಲಿಸುತ್ತಾರೆ. ಅದು ನಿಮ್ಮನ್ನು ದಾರಿ ತಪ್ಪಿಸಬಹುದು. ಕೃಷಿ ಕೂಲಿಯವರು, ಕುರಿಗಾಹಿಗಳು, ಗೇಣಿಗೆ ಉಳುವವರು ಅದರಲ್ಲಿ 'ಅಧಿಕಾರ ಕಡಿಮೆ' ಎಂಬ ಮನೆಗೆ ಬಿದ್ದು ಮರೆತುಹೋಗುತ್ತಾರೆ. ಧೂಳು, ಹೊಗೆ, ನೀರಿನ ತೊಂದರೆ ಮೊದಲು ತಟ್ಟುವುದು ಅವರಿಗೇ. ಮಿಚೆಲ್, ಏಗಲ್, ವುಡ್ ಎಂಬ ವಿದ್ವಾಂಸರು 1997ರಲ್ಲಿ ಮುಂದಿಟ್ಟ ಅಳತೆ ಹೆಚ್ಚು ಉಪಯೋಗಕ್ಕೆ ಬರುತ್ತದೆ: ಅಧಿಕಾರದ ಜೊತೆಗೆ ಅವರ ಬೇಡಿಕೆ ನ್ಯಾಯವೇ, ತುರ್ತಿನದೇ ಎಂಬುದನ್ನೂ ನೋಡಬೇಕು. ನ್ಯಾಯ, ತುರ್ತು ಎರಡೂ ಇದ್ದವರಿಗೆ ಅಧಿಕಾರ ಬೇರೆಯವರಿಂದ ಕೂಡಿಬರುತ್ತದೆ. ನಿಮ್ಮ ಪಕ್ಕದ ಗದಗ ಜಿಲ್ಲೆಯಲ್ಲೇ ನೋಡಿ. ಪೋಸ್ಕೋ ಉಕ್ಕು ಕಾರ್ಖಾನೆಗೆ ಹಳ್ಳಿಗುಡಿಯ ಸುತ್ತ ಭೂಮಿ ಪಡೆಯಲು ಹೊರಟಾಗ ರೈತರ ಬೆನ್ನಿಗೆ ತೋಂಟದಾರ್ಯ ಮಠದ ಸಿದ್ಧಲಿಂಗ ಸ್ವಾಮೀಜಿ ನಿಂತರು. 2011ರ ಜುಲೈನಲ್ಲಿ ಸರ್ಕಾರ ಭೂಸ್ವಾಧೀನದಿಂದ ಹಿಂದೆ ಸರಿಯಿತು. ದೇವನಹಳ್ಳಿಯ ಚನ್ನರಾಯಪಟ್ಟಣ ಹೋಬಳಿಯಲ್ಲಿ 1,777 ಎಕರೆಯ ಸ್ವಾಧೀನ ವಿರೋಧಿಸಿ ಮೂರು ವರ್ಷಕ್ಕೂ ಮೀರಿ ನಡೆದ ಧರಣಿಯ ನಂತರ 2025ರ ಜುಲೈ 15ರಂದು ಸರ್ಕಾರ ಅದನ್ನು ಕೈಬಿಟ್ಟಿತು. ಎರಡೂ ಕಡೆ ಆರಂಭದಲ್ಲಿ ಹಳ್ಳಿಯವರನ್ನು ಆ ಚೌಕದ ಯಾವ ಮನೆಯಲ್ಲಿಡುತ್ತಿದ್ದರು ಎಂದು ಯೋಚಿಸಿ.

ಇನ್ನು ಸಭೆಯ ವಿಚಾರ. 2006ರ ಇಐಎ (ಪರಿಸರ ಪರಿಣಾಮ ಅಧ್ಯಯನ) ಅಧಿಸೂಚನೆಯ ಪ್ರಕಾರ ಸಭೆ ನಡೆಸುವುದು ಮಾಲಿನ್ಯ ನಿಯಂತ್ರಣ ಮಂಡಳಿ. ಜಿಲ್ಲಾಧಿಕಾರಿ, ಇಲ್ಲವೇ ಅಪರ ಜಿಲ್ಲಾಧಿಕಾರಿಗಿಂತ ಕೆಳಗಲ್ಲದ ಅಧಿಕಾರಿ ಅಧ್ಯಕ್ಷತೆ ವಹಿಸಬೇಕು. ಒಂದು ರಾಷ್ಟ್ರೀಯ, ಒಂದು ಪ್ರಾದೇಶಿಕ ಪತ್ರಿಕೆಯಲ್ಲಿ ಪ್ರಕಟಣೆ, ಕನಿಷ್ಠ 30 ದಿನದ ಕಾಲಾವಕಾಶ, ಇಡೀ ಸಭೆಯ ವಿಡಿಯೊ ಚಿತ್ರೀಕರಣ ಕಡ್ಡಾಯ. ಕೋರಂ, ಅಂದರೆ ಕನಿಷ್ಠ ಇಷ್ಟು ಜನ ಇರಬೇಕು ಎಂಬುದು, ಇಲ್ಲ. ಹಾಗಾಗಿ ಲಾರಿಯಲ್ಲಿ ಜನರನ್ನು ತಂದು ಕೂರಿಸಿದರೆ ಕಾನೂನಿನ ಲಾಭವಂತೂ ಇಲ್ಲ, ವಿಡಿಯೊದಲ್ಲಿ ಅದು ಶಾಶ್ವತವಾಗಿ ಉಳಿಯುತ್ತದೆ. ಎತ್ತಿದ ಪ್ರತಿ ಆಕ್ಷೇಪಕ್ಕೂ ಅಂತಿಮ ವರದಿಯಲ್ಲಿ ಉತ್ತರ ಕೊಡಬೇಕಾಗುತ್ತದೆ.

ಪರಿಸರ ಪರಿಣಾಮ ವರದಿಯ ಸಾರಾಂಶ ಕನ್ನಡದಲ್ಲಿ ಇರಬೇಕು ಎಂಬ ನಿಯಮವಿದೆ. ಇದರಲ್ಲಿ ನಡೆಯುವಷ್ಟು ಅಸಡ್ಡೆ ಬೇರೆಲ್ಲೂ ಇಲ್ಲ. ಯಂತ್ರಾನುವಾದ ಮಾಡಿಸಿ ಇಟ್ಟುಬಿಡುತ್ತಾರೆ. 'ನಿಲಂಬಿತ ಕಣ ದ್ರವ್ಯ' ಎಂದು ಓದಿದ ರೈತನಿಗೆ ಅದು ತನ್ನ ಈರುಳ್ಳಿ ಮೇಲೆ ಬೀಳುವ ಧೂಳು ಎಂದು ಹೇಗೆ ತಿಳಿಯಬೇಕು? ಸಾರಾಂಶವನ್ನು ನೀವೇ ಕೂತು ಬರೆಯಿರಿ. ದಿನಕ್ಕೆ ಎಷ್ಟು ನೀರು, ಯಾವ ಹೊಳೆ ಅಥವಾ ಜಲಾಶಯದಿಂದ, ಬೇಸಿಗೆಯಲ್ಲಿ ಎಲ್ಲಿಂದ, ಲಾರಿ ಎಷ್ಟು, ಯಾವ ದಾರಿ, ಎಷ್ಟು ಕೆಲಸ ಕಾಯಂ, ಎಷ್ಟು ಗುತ್ತಿಗೆ. ಊರಿನ ಇಬ್ಬರಿಗೆ ಓದಲು ಕೊಟ್ಟು, ಅವರು ಅರ್ಥ ಮಾಡಿಕೊಂಡದ್ದನ್ನು ಅವರ ಬಾಯಲ್ಲೇ ಕೇಳಿ. ಆಮೇಲೆ ಅಚ್ಚಿಗೆ ಕೊಡಿ.

ಹಳ್ಳಿ ಸಭೆ ಇಡುವಾಗ ಬಿತ್ತನೆ, ಕೊಯ್ಲು, ಜಾತ್ರೆ, ಸಂತೆಯ ದಿನ ತಪ್ಪಿಸಿ. ಹೆಂಗಸರಿಗೆ ಬೇರೆ ಸಭೆ, ಮಧ್ಯಾಹ್ನ 2ರಿಂದ 4ರೊಳಗೆ. ಗ್ರಾಮ ಪಂಚಾಯಿತಿ ಅಧ್ಯಕ್ಷರ ಅಂಗಳದಲ್ಲಿ ಮಾತ್ರ ಸೇರಿದರೆ ಅವರ ವಿರೋಧಿ ಬಣ ಬರುವುದಿಲ್ಲ. ಶಾಲೆ ಅಥವಾ ಸಮುದಾಯ ಭವನ ಮೇಲು. ಬಂದ ದೂರಿಗೆ ನಂಬರ್ ಹಾಕಿ ಚೀಟಿ ಕೊಡಿ. ಎರಡು ದಿನದಲ್ಲಿ ತಲುಪಿದೆ ಎಂಬ ಉತ್ತರ, ಹದಿನೈದು ದಿನದಲ್ಲಿ ಏನು ಮಾಡಿದೆವು ಎಂಬ ಉತ್ತರ. ಆಗುವುದಿಲ್ಲ ಎಂದಾದರೆ ಕಾರಣದ ಸಮೇತ ಹಾಗೆಂದೇ ಬರೆದು ಕೊಡಿ. ಜನ 'ಇಲ್ಲ' ಎಂಬುದನ್ನು ತಡೆದುಕೊಳ್ಳುತ್ತಾರೆ, ಉತ್ತರವೇ ಬಾರದಿರುವುದನ್ನು ತಡೆದುಕೊಳ್ಳುವುದಿಲ್ಲ.

ಬಿಕ್ಕಟ್ಟು ಎದುರಾದಾಗ ಮೊದಲ ಕೆಲವು ಗಂಟೆಗಳಲ್ಲಿ ಏನು ಹೇಳಬೇಕು? ವಕೀಲರು 'ಏನೂ ಹೇಳಬೇಡಿ' ಎನ್ನುತ್ತಾರೆ, ಪತ್ರಕರ್ತರು ಬಾಗಿಲಲ್ಲಿ ನಿಂತಿರುತ್ತಾರೆ.
– ಓದುಗರು, ಬೆಂಗಳೂರು

ವಕೀಲರು ತಡೆಯುವುದು ತಪ್ಪೊಪ್ಪಿಗೆಯನ್ನು, ಕಾರಣದ ಬಗೆಗಿನ ಊಹೆಯನ್ನು. ಗೊತ್ತಿರುವ ಸಂಗತಿಯನ್ನು ಹೇಳಲು ಒಳ್ಳೆಯ ವಕೀಲರು ಅಡ್ಡ ಬರುವುದಿಲ್ಲ. ಬೆಂಕಿ ಬಿದ್ದ ಘಟಕದ ಮೊದಲ ಹೇಳಿಕೆ ಇಷ್ಟೇ ಇದ್ದರೆ ಸಾಕು:

'ಇಂದು ಬೆಳಿಗ್ಗೆ 10.40ರ ಸುಮಾರಿಗೆ ನಮ್ಮ ಘಟಕದ ಗೋದಾಮಿನಲ್ಲಿ ಬೆಂಕಿ ಕಾಣಿಸಿಕೊಂಡಿದೆ. ಅಗ್ನಿಶಾಮಕ ಸಿಬ್ಬಂದಿ ಸ್ಥಳದಲ್ಲಿದ್ದಾರೆ. ಒಳಗಿದ್ದವರೆಲ್ಲರ ಹಾಜರಿ ಪಡೆಯುತ್ತಿದ್ದೇವೆ. ಗಾಯಗೊಂಡವರಿದ್ದರೆ ಮೊದಲು ಅವರ ಮನೆಯವರಿಗೆ ತಿಳಿಸುತ್ತೇವೆ. ಕಾರಣ ಇನ್ನೂ ತಿಳಿದಿಲ್ಲ. ಮುಂದಿನ ಮಾಹಿತಿ ಮಧ್ಯಾಹ್ನ 1 ಗಂಟೆಗೆ.'

ಒಂದು ಗಂಟೆಗೆ ಹೊಸತೇನೂ ಇರದಿದ್ದರೂ ಒಂದು ಗಂಟೆಗೇ ಬಂದು ಹಾಗೆ ಹೇಳಬೇಕು. 'ಪರಿಸ್ಥಿತಿ ಸಂಪೂರ್ಣ ಹತೋಟಿಯಲ್ಲಿದೆ', 'ಸಣ್ಣ ಘಟನೆ', 'ಸತ್ತವರು ಗುತ್ತಿಗೆಯವರು, ನಮ್ಮ ನೌಕರರಲ್ಲ' – ಈ ಮೂರು ವಾಕ್ಯಗಳನ್ನು ಯಾವ ಕಾರಣಕ್ಕೂ ಆಡಬಾರದು. ಮೂರನೆಯದು ಮನುಷ್ಯತ್ವವೇ ಇಲ್ಲದ ಮಾತು.

ಗಾಯಾಳುಗಳ ಸಂಖ್ಯೆ ತಪ್ಪುವುದು ಏಕೆಂದರೆ ಗೇಟಿನ ರಿಜಿಸ್ಟರ್, ಬಯೊಮೆಟ್ರಿಕ್, ಗುತ್ತಿಗೆದಾರನ ಪಟ್ಟಿ ಮೂರೂ ಒಂದಕ್ಕೊಂದು ತಾಳೆಯಾಗುವುದಿಲ್ಲ. ಎರಡು ಸಲ ಸಂಖ್ಯೆ ಬದಲಿಸಿದರೆ ಮುಚ್ಚಿಡುತ್ತಿದ್ದಾರೆ ಎಂದೇ ಜನ ತಿಳಿಯುತ್ತಾರೆ. ಆರು ತಿಂಗಳಿಗೊಮ್ಮೆ ಅಣಕು ಕಾರ್ಯಾಚರಣೆ ನಡೆಸಿ, ಈ ಮೂರು ಪಟ್ಟಿ ಎಷ್ಟು ನಿಮಿಷದಲ್ಲಿ ತಾಳೆಯಾಗುತ್ತವೆ ಎಂದು ಗಡಿಯಾರ ಹಿಡಿದು ನೋಡಬೇಕು.

ಮಾಧ್ಯಮದ ಗಡುವಿಗಿಂತ ಬಿಗಿಯಾದ ಗಡುವುಗಳಿವೆ. ಸೈಬರ್ ದಾಳಿ ಗಮನಕ್ಕೆ ಬಂದ 6 ಗಂಟೆಯೊಳಗೆ ಸರ್ಟ್-ಇನ್ ಎಂಬ ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆಗೆ ವರದಿ ಮಾಡಬೇಕು. ಇದು 2022ರ ಏಪ್ರಿಲ್ 28ರ ಆದೇಶ. ಷೇರುಪೇಟೆಯ ಕಂಪನಿಯಾದರೆ ಷೇರುಪೇಟೆ ನಿಯಂತ್ರಕ ಸೆಬಿಯ 30ನೇ ನಿಯಮದ ಪ್ರಕಾರ ಮಹತ್ವದ ಘಟನೆ ಕಂಪನಿಯ ಒಳಗಿನಿಂದ ಹುಟ್ಟಿದ್ದರೆ 12 ಗಂಟೆ, ಹೊರಗಿನಿಂದ ಬಂದಿದ್ದರೆ 24 ಗಂಟೆಯೊಳಗೆ ಷೇರು ವಿನಿಮಯ ಕೇಂದ್ರಕ್ಕೆ ತಿಳಿಸಬೇಕು. ಮೊದಲ 250 ಕಂಪನಿಗಳು ಷೇರು ಬೆಲೆ ಗಣನೀಯವಾಗಿ ಅಲುಗಿಸಿದ ವದಂತಿಗೂ 24 ಗಂಟೆಯಲ್ಲಿ ಉತ್ತರ ಕೊಡಬೇಕು. ಪತ್ರಿಕೆಗೆ ಕೊಟ್ಟ ಸಂಗತಿ ವಿನಿಮಯ ಕೇಂದ್ರಕ್ಕೆ ತಲುಪಿರದಿದ್ದರೆ ಹೊಸದೊಂದು ಬಿಕ್ಕಟ್ಟು. ಕಂಪನಿ ಸೆಕ್ರೆಟರಿಯ ಮೊಬೈಲ್ ನಂಬರ್ ನಿಮ್ಮ ಪಟ್ಟಿಯ ಮೊದಲ ಸಾಲಿನಲ್ಲಿರಲಿ.

ಎಷ್ಟರ ಮಟ್ಟಿಗೆ ಕ್ಷಮೆ ಕೇಳಬೇಕು ಎಂಬುದಕ್ಕೆ ಬಿಕ್ಕಟ್ಟು ಸಂವಹನದ ವಿದ್ವಾಂಸ ತಿಮೋತಿ ಕೂಂಬ್ಸ್ ಬಿಕ್ಕಟ್ಟುಗಳನ್ನು ಮೂರು ಗುಂಪು ಮಾಡಿದ ವಿಂಗಡಣೆ ನೆರವಾಗುತ್ತದೆ. ಸಂಸ್ಥೆಯೇ ಬಲಿಪಶುವಾದದ್ದು, ಆಕಸ್ಮಿಕ, ತಪ್ಪಿಸಬಹುದಾಗಿದ್ದದ್ದು. 1982ರಲ್ಲಿ ಶಿಕಾಗೋದಲ್ಲಿ ಯಾರೋ ಟೈಲೆನಾಲ್ ಮಾತ್ರೆಗೆ ವಿಷ ಬೆರೆಸಿ ಏಳು ಮಂದಿ ಸತ್ತಾಗ ಜಾನ್ಸನ್ ಆ್ಯಂಡ್ ಜಾನ್ಸನ್ ಮೊದಲ ಗುಂಪಿನಲ್ಲಿತ್ತು. ಆದರೂ ಸುಮಾರು 3.1 ಕೋಟಿ ಬಾಟಲಿ ವಾಪಸ್ ತರಿಸಿಕೊಂಡು, ತೆರೆದರೆ ಗೊತ್ತಾಗುವ ಪ್ಯಾಕಿಂಗ್ ತಂದಿತು. ಮೂರನೆಯ ಗುಂಪಿನಲ್ಲಿದ್ದುಕೊಂಡು ಮೊದಲ ಗುಂಪಿನವರಂತೆ ಮಾತಾಡುವ ಸಂಸ್ಥೆಗೆ ಯಾವ ಸಲಹೆಗಾರರೂ ಸಹಾಯ ಮಾಡಲಾರರು.

ಮ್ಯಾಗಿ ಪ್ರಕರಣವನ್ನೂ ಓದಿಕೊಳ್ಳಿ. ಅದು ಆರಂಭವಾದದ್ದು 2014ರಲ್ಲಿ ಉತ್ತರ ಪ್ರದೇಶದ ಬಾರಾಬಂಕಿಯಲ್ಲಿ ಪರೀಕ್ಷೆಗೆ ಒಯ್ದ ಒಂದು ಸ್ಯಾಂಪಲ್‌ನಿಂದ. 2015ರ ಜೂನ್ 5ರಂದು ಆಹಾರ ಸುರಕ್ಷತಾ ಪ್ರಾಧಿಕಾರ ದೇಶವಿಡೀ ಮಾರಾಟ ನಿಲ್ಲಿಸಲು ಆದೇಶಿಸಿತು. ಆಗಸ್ಟ್ 13ರಂದು ಬಾಂಬೆ ಹೈಕೋರ್ಟ್ ಆದೇಶ ರದ್ದು ಮಾಡಿತು, ಹೊಸ ಪರೀಕ್ಷೆಗಳಾಗಿ ನವೆಂಬರ್‌ನಲ್ಲಿ ಮ್ಯಾಗಿ ಅಂಗಡಿಗೆ ಮರಳಿತು. ಕೋರ್ಟಿನಲ್ಲಿ ಗೆದ್ದರೂ ಐದು ತಿಂಗಳ ವ್ಯಾಪಾರ ಹೋಯಿತು. ಜಿಲ್ಲೆಯಲ್ಲಿ ತೆಗೆದ ಆ ಸ್ಯಾಂಪಲ್‌ಗೂ ರಾಷ್ಟ್ರಮಟ್ಟದ ಆದೇಶಕ್ಕೂ ನಡುವೆ ವರ್ಷಕ್ಕೂ ಹೆಚ್ಚು ಕಾಲವಿತ್ತು. ನಿಮ್ಮ ಸಂಸ್ಥೆಯ ಯಾವುದೋ ಜಿಲ್ಲಾ ಕಚೇರಿಗೆ ಬಂದ ನೋಟಿಸು ಕೇಂದ್ರ ಕಚೇರಿಯ ಅಪಾಯದ ಪಟ್ಟಿಗೆ ಎಷ್ಟು ದಿನದಲ್ಲಿ ಸೇರುತ್ತದೆ? ಸೋಮವಾರ ಬೆಳಿಗ್ಗೆ ಕೇಳಿ ನೋಡಿ.

ಕ್ಲೈಂಟ್ ಒಬ್ಬರು ಸುದ್ದಿಯೊಂದನ್ನು 'ನಿಲ್ಲಿಸಿ' ಎಂದು ಒತ್ತಾಯಿಸುತ್ತಿದ್ದಾರೆ. ನಕಲಿ ರಿವ್ಯೂ ಹಾಕಿಸಲು ಹಣವೂ ಕೊಡುತ್ತಾರಂತೆ. ಎಲ್ಲರೂ ಮಾಡುತ್ತಾರಲ್ಲ?
– ಓದುಗರು, ಹುಬ್ಬಳ್ಳಿ

ಮಾಡಬೇಡಿ. ಸುದ್ದಿಯಲ್ಲಿ ಸಂಗತಿ ತಪ್ಪಿದ್ದರೆ ದಾಖಲೆ ಸಮೇತ ಸಂಪಾದಕರಿಗೆ ಬರೆಯಿರಿ, ಯಾವ ಸಾಲು ತಪ್ಪು ಎಂದು ಗುರುತು ಮಾಡಿ. ಸಂಗತಿ ಸರಿಯಾಗಿದ್ದರೆ ಕ್ಲೈಂಟ್‌ಗೆ ಹೇಳಬೇಕಾದದ್ದು ತಪ್ಪನ್ನು ತಿದ್ದಿಕೊಳ್ಳಿ ಎಂದೇ. ನಿಲ್ಲಿಸಲು ನಡೆದ ಪ್ರಯತ್ನವೇ ಮರುದಿನದ ಸುದ್ದಿಯಾಗುವುದು ಈಗ ಬಹಳ ಸುಲಭ, ಒಂದು ಸ್ಕ್ರೀನ್‌ಶಾಟ್ ಸಾಕು. ನಕಲಿ ರಿವ್ಯೂ ಗ್ರಾಹಕರಿಗೆ ಮಾಡುವ ಮೋಸ. ವಿಕಿಪೀಡಿಯದಲ್ಲಿ ಹಣ ಪಡೆದು ತಿದ್ದುವುದಾದರೆ ಅದನ್ನು ಬಹಿರಂಗಪಡಿಸಬೇಕೆಂಬ ನಿಯಮ ಅಲ್ಲಿದೆ. ಇಂಥ ಕೋರಿಕೆಗಳನ್ನು ನಿರಾಕರಿಸಿದ್ದನ್ನು ಇಮೇಲ್‌ನಲ್ಲಿ ದಾಖಲಿಸಿ, ಫೋನಿನಲ್ಲಿ ಮಾತ್ರ ಬೇಡ. ಎರಡನೇ ಸಲ ಕೇಳಿದರೆ ಕ್ಲೈಂಟನ್ನು ಬಿಡುವುದೇ ಸರಿ. ನಿಮ್ಮ ಮಾತನ್ನು ಪತ್ರಕರ್ತರೂ ಅಧಿಕಾರಿಗಳೂ ನಂಬುತ್ತಾರೆ ಎಂಬುದೊಂದೇ ಈ ವೃತ್ತಿಯಲ್ಲಿ ನಿಮ್ಮ ಬಂಡವಾಳ.

ಕಂಪನಿ ಬಿಟ್ಟು ಸ್ವತಂತ್ರ ಸಲಹೆಗಾರ್ತಿಯಾಗಲು ಹೊರಟಿದ್ದೇನೆ. ಶುಲ್ಕ ಹೇಗೆ ನಿಗದಿ ಮಾಡಲಿ?
– ಓದುಗರು, ಮೈಸೂರು

ದಿನದ ದರದಿಂದ ಲೆಕ್ಕ ಹಾಕಿ. ಭಾನುವಾರ, ಶನಿವಾರ, ಹಬ್ಬ, ರಜೆ ಕಳೆದರೆ ವರ್ಷಕ್ಕೆ ಸುಮಾರು 220 ದಿನ. ಅದರಲ್ಲಿ ಬಿಲ್ ಮಾಡಲು ಸಿಗುವುದು 130 ಎಂದಿಟ್ಟುಕೊಳ್ಳಿ. ಉಳಿದದ್ದು ಕ್ಲೈಂಟ್ ಹುಡುಕುವುದಕ್ಕೆ, ಲೆಕ್ಕಪತ್ರಕ್ಕೆ ಹೋಗುತ್ತದೆ. 18 ಲಕ್ಷ ಆದಾಯ, 3 ಲಕ್ಷ ಖರ್ಚು ಎಂದರೆ ದಿನಕ್ಕೆ 16 ಸಾವಿರದ ಆಸುಪಾಸು. ಹೊಸಬರು 220ರಿಂದ ಭಾಗಿಸಿ ವರ್ಷದ ಕೊನೆಗೆ ಕೈ ಸುಟ್ಟುಕೊಳ್ಳುತ್ತಾರೆ.

ತಿಂಗಳ ರಿಟೇನರ್ (ತಿಂಗಳಿಗಿಷ್ಟು ಎಂಬ ನಿಗದಿತ ಶುಲ್ಕ) ಒಪ್ಪಂದದಲ್ಲಿ ಎಷ್ಟು ದಿನ ಎಂದು ಬರೆಯಿರಿ. ಬಿಕ್ಕಟ್ಟಿನ ದಿನಗಳಿಗೆ ಬೇರೆ ದರ ಇರಲಿ. ಕ್ಲೈಂಟ್ ಕೊಟ್ಟ ಮಾಹಿತಿ ಸುಳ್ಳಾಗಿದ್ದರೆ ಹೊಣೆ ಅವರದ್ದು ಎಂಬ ಕಲಂ ಬಿಡಬೇಡಿ. ವಾರ್ಷಿಕ ವಹಿವಾಟು 20 ಲಕ್ಷ ದಾಟಿದರೆ ಜಿಎಸ್‌ಟಿ ನೋಂದಣಿ ಕಡ್ಡಾಯ, ದರ 18 ಪರ್ಸೆಂಟ್. ಕಂಪನಿಗಳು ವೃತ್ತಿಪರ ಶುಲ್ಕದಿಂದ 10 ಪರ್ಸೆಂಟ್ ಟಿಡಿಎಸ್ ಹಿಡಿಯುತ್ತವೆ, ಆದ್ದರಿಂದ ಕೈಯಲ್ಲಿ ಮೂರು ತಿಂಗಳ ಖರ್ಚು ಇಟ್ಟುಕೊಂಡೇ ಹೊರಡಿ. ಉದ್ಯಮ್ (ಸಣ್ಣ ಉದ್ದಿಮೆ) ನೋಂದಣಿ ಮಾಡಿಸಿದರೆ ಹಣ 45 ದಿನದೊಳಗೆ ಬರಬೇಕು. ತಡವಾದರೆ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ ಕೇಳುವ ಹಕ್ಕು ಕಾನೂನಿನಲ್ಲಿದೆ.

ನಮ್ಮ ಕೆಲಸದ ಬೆಲೆ ತೋರಿಸಲು, ಪತ್ರಿಕೆಯಲ್ಲಿ ಬಂದ ಸುದ್ದಿಯ ಕಾಲಂ ಸೆಂಟಿಮೀಟರ್ ಅಳೆದು ಜಾಹೀರಾತು ದರದಿಂದ ಗುಣಿಸಿ ತೋರಿಸಿ ಎನ್ನುತ್ತಾರೆ. ಸರಿಯೇ?
– ಓದುಗರು, ಶಿವಮೊಗ್ಗ

ಸರಿಯಲ್ಲ. ಸಂವಹನದ ಫಲ ಅಳೆಯುವ ಬಗೆಗಿನ 2010ರ ಬಾರ್ಸಿಲೋನಾ ತತ್ವಗಳೇ ಆ ಅಳತೆಯನ್ನು ತಳ್ಳಿಹಾಕಿವೆ. ದೂರು ಮುಗಿಸಲು ಹಿಡಿದ ಸರಾಸರಿ ದಿನ, ಮತ್ತೆ ಬಂದ ಅದೇ ದೂರು, ಕೊಟ್ಟ ಮಾತುಗಳಲ್ಲಿ ಗಡುವಿನೊಳಗೆ ನಡೆದವು ಎಷ್ಟು, ಸುದ್ದಿಯಲ್ಲಿ ಕಂಪನಿಯ ಉತ್ತರ ಸೇರಿತ್ತೇ – ಇವನ್ನು ಮೂರು ತಿಂಗಳಿಗೊಮ್ಮೆ ಕೊಡಿ.

ಷೇರುಪೇಟೆಯಲ್ಲಿರುವ ಕಂಪನಿಯೊಂದು ನನ್ನ ಕ್ಲೈಂಟ್. ಅದರ ಷೇರು ಕೊಳ್ಳಬಹುದೇ?
– ಓದುಗರು, ಮಂಗಳೂರು

ಫಲಿತಾಂಶ, ವಿಲೀನ, ದೊಡ್ಡ ಒಪ್ಪಂದದಂಥ ಬಹಿರಂಗವಾಗದ ಮಾಹಿತಿ ನಿಮಗೆ ಕೊಟ್ಟಾಗ ಕಂಪನಿ ನಿಮ್ಮ ಹೆಸರು, ಪ್ಯಾನ್ ನಂಬರ್ ಎರಡನ್ನೂ ತನ್ನ ಡಿಜಿಟಲ್ ದಾಖಲೆಯಲ್ಲಿ ಸೇರಿಸಬೇಕು. ಆ ಮಾಹಿತಿ ಕೈಯಲ್ಲಿರುವಾಗ ಕೊಂಡರೂ ಮಾರಿದರೂ 2015ರ ಸೆಬಿ ನಿಯಮದಡಿ ಇನ್‌ಸೈಡರ್ ಟ್ರೇಡಿಂಗ್. ಮನೆಯವರ ಹೆಸರಿನಲ್ಲಿ ಕೊಂಡರೂ ತಪ್ಪಿಸಿಕೊಳ್ಳಲಾಗದು. ಕಂಪನಿಯ ಟ್ರೇಡಿಂಗ್ ವಿಂಡೊ (ಒಳಗಿನವರು ಷೇರು ವ್ಯವಹಾರ ಮಾಡಬಹುದಾದ ಅವಧಿ) ತ್ರೈಮಾಸಿಕ ಮುಗಿದ ದಿನದಿಂದ ಫಲಿತಾಂಶ ಪ್ರಕಟವಾಗಿ 48 ಗಂಟೆಯವರೆಗೆ ಮುಚ್ಚಿರುತ್ತದೆ. ಕ್ಲೈಂಟ್‌ಗಳ ಷೇರನ್ನು ಯಾವಾಗಲೂ ಮುಟ್ಟದಿರುವುದು ಸುರಕ್ಷಿತ. ಈಗಾಗಲೇ ಇದ್ದರೆ ಒಪ್ಪಂದಕ್ಕೆ ಸಹಿ ಹಾಕುವ ಮೊದಲು ಕಂಪನಿ ಸೆಕ್ರೆಟರಿಗೆ ಬರಹದಲ್ಲಿ ತಿಳಿಸಿ.